ಮೊದಲ ಜಾವಾ ಪ್ರೋಗ್ರಾಮ್: ಓಡೋದು ಎಲ್ಲಿಂದ ಶುರು, ಸ್ಕ್ರೀನ್ ಮೇಲೆ ಅಕ್ಷರ ಬರೋದು ಹೇಗೆ

ಜಾವಾ ಕಲಿಯಲು ಶುರು ಮಾಡಿದ ಮೊದಲ ವಾರದ ಒಂದು ಸಂಜೆ ನನಗೆ ಇನ್ನೂ ನೆನಪಿದೆ. ಪ್ರೋಗ್ರಾಮಿನಲ್ಲಿ "ಹಲೋ" ಅಂತ ಇದ್ದದ್ದನ್ನು ಅಳಿಸಿ "ಗುಡ್ ಈವ್ನಿಂಗ್" ಅಂತ ಬರೆದೆ. ಸೇವ್ ಮಾಡಿದೆ. ಓಡಿಸಿದೆ. ಮತ್ತೆ "ಹಲೋ"ನೇ ಬಂತು. ಫೈಲ್ ಮುಚ್ಚಿ ತೆರೆದೆ, ಬದಲಾವಣೆ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಓಡಿಸಿದೆ, ಮತ್ತೆ "ಹಲೋ". ಒಂದೂವರೆ ಗಂಟೆ ಹೋದ ಮೇಲೆ ಗೊತ್ತಾಯಿತು, ನಾನು ಬರೆಯುತ್ತಿದ್ದ ಫೈಲನ್ನು ಓಡಿಸುವವನು ನೋಡುವುದೇ ಇಲ್ಲ, ಅವನು ನೋಡುವುದು ಪಕ್ಕದಲ್ಲಿರುವ ಇನ್ನೊಂದು ಫೈಲನ್ನು ಅಂತ.

ಜಾವಾದಲ್ಲಿ ಕೆಲಸ ಮಾಡುವವರು ಇಬ್ಬರು. ಒಬ್ಬ ಜಾವಾಸಿ, ಅಂದರೆ ಕಂಪೈಲರ್. ಇನ್ನೊಬ್ಬ ಜಾವಾ, ಅಂದರೆ ಓಡಿಸುವವನು. ಮೊದಲನೆಯವನು ನೀವು ಬರೆದದ್ದನ್ನು ಓದಿ ಬೇರೊಂದು ಫೈಲ್ ಮಾಡಿ ಕೊಟ್ಟು ಹೋಗಿಬಿಡುತ್ತಾನೆ. ಎರಡನೆಯವನು ಆ ಫೈಲನ್ನು ಮಾತ್ರ ಓದುತ್ತಾನೆ. ಈ ಇಬ್ಬರನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಮೊದಲ ತಿಂಗಳ ಮುಕ್ಕಾಲು ಗೊಂದಲ ಅಲ್ಲೇ ಹೋಗುತ್ತದೆ. ಎರರ್ ಬಂದಾಗ "ಏನಾಯ್ತು" ಅಂತ ಕೇಳುವ ಮೊದಲು "ಇದನ್ನು ಹೇಳ್ತಿರೋದು ಯಾರು" ಅಂತ ಕೇಳಿಕೊಳ್ಳಿ. ಈ ಬರಹದ ಉದ್ದಕ್ಕೂ ನಾನು ಇದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೋಡನ್ನೂ ಕಮಾಂಡನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಬ್ರಾಕೆಟ್, ಚುಕ್ಕೆ, ಸೆಮಿಕೋಲನ್ ಎಲ್ಲ ಇಲ್ಲಿ ಇರುವ ಹಾಗೆಯೇ.

ಶುರು ಮಾಡುವ ಮುಂಚೆ

ಬೇಕಾದದ್ದು ಜೆಡಿಕೆ, ಅಂದರೆ ಜಾವಾ ಡೆವಲಪ್‌ಮೆಂಟ್ ಕಿಟ್. ಬರೀ ಓಡಿಸುವವನು ಇದ್ದರೆ ಸಾಲದು, ಕಂಪೈಲರ್ ಕೂಡ ಬೇಕು. ಎರಡೂ ಒಟ್ಟಿಗೆ ಸಿಗುವುದು ಜೆಡಿಕೆಯಲ್ಲೇ. ಹಾಕಿಕೊಂಡ ಮೇಲೆ ಟರ್ಮಿನಲ್ ತೆರೆದು, ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆರೆದು, ಎರಡು ಕಮಾಂಡ್ ಕೊಡಿ:

ಜಾವಾಸಿ -ವರ್ಷನ್
ಜಾವಾ -ವರ್ಷನ್

ಜಾವಾ ಪಕ್ಕ ಇಂಗ್ಲಿಷಿನ ಸಿ ಅಕ್ಷರ ಅಂಟಿಸಿ, ಮಧ್ಯೆ ಸ್ಪೇಸ್ ಬೇಡ. ಎರಡಕ್ಕೂ ಒಂದೇ ನಂಬರ್ ಬಂದರೆ ಒಳ್ಳೆಯದು. ಎರಡನೆಯದು ಕೆಲಸ ಮಾಡಿ ಮೊದಲನೆಯದು "ಇಂಥ ಕಮಾಂಡೇ ಇಲ್ಲ" ಅಂದರೆ, ಒಂದೋ ಜೆಡಿಕೆ ಇಲ್ಲ, ಇಲ್ಲವೇ ಅದರ ಬಿನ್ ಫೋಲ್ಡರ್ ಪಾತ್ ಪಟ್ಟಿಯಲ್ಲಿ, ಅಂದರೆ ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ, ಸೇರಿಲ್ಲ. ಪಾತ್ ಸರಿ ಮಾಡಿದ ಮೇಲೆ ಟರ್ಮಿನಲ್ ಮುಚ್ಚಿ ಹೊಸದಾಗಿ ತೆರೆಯಿರಿ, ಹಳೆಯ ಕಿಟಕಿಗೆ ಹೊಸ ಪಾತ್ ಗೊತ್ತಾಗುವುದಿಲ್ಲ.

ಮೊದಲ ಒಂದು ವಾರವಾದರೂ ಎಕ್ಲಿಪ್ಸ್, ಇಂಟೆಲಿಜೆ ಥರದ, ಕೋಡ್ ಬರೆದು ಅಲ್ಲೇ ಓಡಿಸುವ ದೊಡ್ಡ ಸಾಫ್ಟ್‌ವೇರ್ ಬೇಡ ಅಂತ ನನ್ನ ಅಭಿಪ್ರಾಯ. ಅವು ಒಳ್ಳೆಯ ಸಾಧನಗಳೇ, ನಾನೂ ದಿನಾ ಬಳಸುತ್ತೇನೆ. ಆದರೆ ಹಸಿರು ಬಟನ್ ಒತ್ತಿದರೆ ಅವು ಈ ಇಬ್ಬರು ಕೆಲಸಗಾರರನ್ನೂ ಒಟ್ಟಿಗೆ ಕರೆದುಬಿಡುತ್ತವೆ, ಯಾರು ಏನು ಮಾಡಿದರು ಅಂತ ನಿಮಗೆ ಕಾಣುವುದೇ ಇಲ್ಲ. ಸುಮ್ನೆ ಒಂದು ಎಡಿಟರ್ ಮತ್ತು ಒಂದು ಟರ್ಮಿನಲ್ ಸಾಕು.

ಬರೆಯೋಣ

ಒಂದು ಖಾಲಿ ಫೋಲ್ಡರ್ ಮಾಡಿ. ಅದರೊಳಗೆ ಫಸ್ಟ್.ಜಾವಾ ಅಂತ ಫೈಲ್ ಮಾಡಿ ಇದನ್ನು ಬರೆಯಿರಿ:

ಪಬ್ಲಿಕ್ ಕ್ಲಾಸ್ ಫಸ್ಟ್ {
    ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್(ಸ್ಟ್ರಿಂಗ್[] ಆರ್ಗ್ಸ್) {
        ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್("ಹಲೋ");
    }
}

ಇದರಲ್ಲಿ ಮೂರೇ ಕಡೆ ಕ್ಯಾಪಿಟಲ್ ಅಕ್ಷರ ಬರುತ್ತದೆ: ಫಸ್ಟ್‌ನ ಎಫ್, ಸ್ಟ್ರಿಂಗ್‌ನ ಎಸ್, ಸಿಸ್ಟಮ್‌ನ ಎಸ್. ಉಳಿದದ್ದೆಲ್ಲ ಸಣ್ಣಕ್ಷರ. ಪ್ರಿಂಟ್ ಆದ ಮೇಲೆ ಬರುವುದು ಎಲ್ ಮತ್ತು ಎನ್, ಲೈನ್ ಅನ್ನುವುದರ ಸಂಕ್ಷೇಪ. ಅದನ್ನು ಕ್ಯಾಪಿಟಲ್ ಐ ಅಂತಲೋ ಒಂದು ಅಂಕಿ ಅಂತಲೋ ಓದಿ ಟೈಪ್ ಮಾಡುವವರು ತುಂಬಾ ಜನ, ಯಾಕೆಂದರೆ ಕೆಲವು ಫಾಂಟುಗಳಲ್ಲಿ ಮೂರೂ ಒಂದೇ ಥರ ಕಾಣುತ್ತವೆ.

ಕ್ಲಾಸ್ ಅಂದರೆ ಸದ್ಯಕ್ಕೆ ಕೋಡ್ ಕೂರುವ ಒಂದು ಹೆಸರಿಟ್ಟ ಡಬ್ಬ ಅಂದುಕೊಳ್ಳಿ. ಫೈಲ್ ಹೆಸರು ಮತ್ತು ಕ್ಲಾಸ್ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಕ್ಲಾಸಿನ ಮುಂದೆ ಪಬ್ಲಿಕ್ ಅಂತ ಹಾಕಿದಾಗ ಬರುವ ನಿಯಮ ಇದು. ಇನ್ನೊಂದು, ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವವರು ಗಮನಿಸಿ: ಅದು ಕೊನೆಗೆ ತಾನೇ ಟಿಎಕ್ಸ್‌ಟಿ ಸೇರಿಸಿ ಫಸ್ಟ್.ಜಾವಾ.ಟಿಎಕ್ಸ್‌ಟಿ ಅಂತ ಮಾಡಿರಬಹುದು, ಮತ್ತು ವಿಂಡೋಸ್ ಆ ಬಾಲವನ್ನು ಮುಚ್ಚಿಟ್ಟು ನಿಮಗೆ ಫಸ್ಟ್.ಜಾವಾ ಅಂತಲೇ ತೋರಿಸುತ್ತದೆ. ಫೈಲ್ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಳ್ಳಿ, ಒಂದು ಸಲ ಮಾಡಿದರೆ ಆಯಿತು.

ಈಗ ಟರ್ಮಿನಲ್‌ನಲ್ಲಿ ಆ ಫೋಲ್ಡರಿಗೆ ಹೋಗಿ:

ಜಾವಾಸಿ ಫಸ್ಟ್.ಜಾವಾ

ಏನೂ ಬರಲಿಲ್ಲ, ಅಲ್ವಾ? ಅದೇ ಗೆಲುವು. ಜಾವಾಸಿ ತೊಂದರೆ ಇದ್ದರೆ ಮಾತ್ರ ಬಾಯಿ ಬಿಡುತ್ತಾನೆ. ಫೋಲ್ಡರ್ ಒಳಗೆ ನೋಡಿ, ಫಸ್ಟ್.ಕ್ಲಾಸ್ ಅಂತ ಹೊಸ ಫೈಲ್ ಹುಟ್ಟಿದೆ. ಇದೇ ನಾನು ಆ ಸಂಜೆ ಮರೆತದ್ದು. ನೀವು ಫಸ್ಟ್.ಜಾವಾ ಎಷ್ಟು ಸಲ ಬದಲಾಯಿಸಿದರೂ ಜಾವಾಸಿಯನ್ನು ಮತ್ತೆ ಕರೆಯುವ ತನಕ ಫಸ್ಟ್.ಕ್ಲಾಸ್ ಹಳೆಯದೇ. ಅನುಮಾನ ಬಂದರೆ ಆ ಎರಡು ಫೈಲುಗಳ ಸಮಯ ನೋಡಿ. ಕ್ಲಾಸ್ ಫೈಲಿನ ಸಮಯ ಹಿಂದಿನದಾಗಿದ್ದರೆ ಕಂಪೈಲ್ ಬಾಕಿ ಇದೆ ಅಂತ ಅರ್ಥ.

ಕ್ಲಾಸ್ ಫೈಲಿನಲ್ಲಿ ಇರುವುದು ಬೈಟ್‌ಕೋಡ್. ಇದು ನಿಮ್ಮ ಪ್ರೊಸೆಸರಿನ ಭಾಷೆಯೂ ಅಲ್ಲ, ನೀವು ಬರೆದ ಭಾಷೆಯೂ ಅಲ್ಲ, ಜಾವಾ ವರ್ಚುಯಲ್ ಮಷೀನ್ ಅನ್ನುವ ಕಲ್ಪಿತ ಯಂತ್ರದ ಭಾಷೆ. ಅದನ್ನು ನಾವು ಜೆವಿಎಂ ಅಂತ ಕರೆಯುತ್ತೇವೆ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಹೊರಗೆ ತಂದಾಗ ಇದನ್ನೇ ದೊಡ್ಡದಾಗಿ ಹೇಳಿದ್ದು: ಒಂದು ಸಲ ಬರೆದರೆ ಎಲ್ಲಿ ಬೇಕಾದರೂ ಓಡುತ್ತದೆ ಅಂತ. ವಿಂಡೋಸಿನಲ್ಲಿ ಮಾಡಿದ ಫಸ್ಟ್.ಕ್ಲಾಸ್ ಅನ್ನು ಹಾಗೇ ಲಿನಕ್ಸಿಗೆ ಕಾಪಿ ಮಾಡಿ ಓಡಿಸಿ ನೋಡಿ, ಓಡುತ್ತದೆ. ಪ್ರತಿಯೊಂದು ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳೂ ಒಂದೇ. ಹೆಕ್ಸಾ ಲೆಕ್ಕದಲ್ಲಿ ಆ ಅಕ್ಷರಗಳನ್ನು ಓದಿದರೆ "ಕೆಫೆ ಬೇಬ್" ಅಂತ ಆಗುತ್ತದೆ. ಓಡಿಸುವವನು ಮೊದಲು ನೋಡುವುದು ಈ ಗುರುತನ್ನೇ.

ಓಡಿಸೋಣ

ಜಾವಾ ಫಸ್ಟ್

ಬಾಲ ಬೇಡ. ಜಾವಾಸಿಗೆ ಕೊಟ್ಟದ್ದು ಫೈಲಿನ ಹೆಸರು, ಜಾವಾಗೆ ಕೊಡುವುದು ಕ್ಲಾಸಿನ ಹೆಸರು. ಇಲ್ಲಿ ಫಸ್ಟ್.ಕ್ಲಾಸ್ ಅಂತ ಕೊಟ್ಟರೆ "ಕುಡ್ ನಾಟ್ ಫೈಂಡ್ ಆರ್ ಲೋಡ್ ಮೇನ್ ಕ್ಲಾಸ್" ಅಂತ ಎರರ್ ಬರುತ್ತದೆ. ಯಾಕೆಂದರೆ ಜಾವಾದಲ್ಲಿ ಚುಕ್ಕೆ ಅಂದರೆ ಪ್ಯಾಕೇಜಿನ, ಅಂದರೆ ಕ್ಲಾಸುಗಳ ಗುಂಪಿನ, ಗಡಿ. ನೀವು ಫಸ್ಟ್ ಅನ್ನುವ ಪ್ಯಾಕೇಜಿನೊಳಗೆ ಕ್ಲಾಸ್ ಅನ್ನುವ ಹೆಸರಿನ ಕ್ಲಾಸ್ ಕೇಳುತ್ತಿದ್ದೀರಿ ಅಂತ ಅವನು ತಿಳಿದುಕೊಳ್ಳುತ್ತಾನೆ.

"ಹಲೋ" ಬಂದಿರಬೇಕು. ಎಂಟರ್ ಒತ್ತಿದ್ದಕ್ಕೂ "ಹಲೋ" ಬಂದದ್ದಕ್ಕೂ ನಡುವೆ ಒಂದು ಸೆಕೆಂಡೂ ಆಗಿಲ್ಲ, ಆದರೆ ಅಷ್ಟರಲ್ಲಿ ಬಹಳ ಕೆಲಸ ನಡೆದಿದೆ. ಮೊದಲು ಜೆವಿಎಂ ಎದ್ದು ನಿಂತು ತನಗೆ ಬೇಕಾದ ಮೆಮೊರಿ ಹಿಡಿದುಕೊಂಡು, ಜಾವಾದ ಸ್ವಂತ ಕ್ಲಾಸುಗಳನ್ನು ಒಳಗೆ ತಂದುಕೊಂಡು, ಆಮೇಲೆ ನೀವು ಹೇಳಿದ ಫಸ್ಟ್ ಎಲ್ಲಿದೆ ಅಂತ ಕ್ಲಾಸ್‌ಪಾತ್‌ನಲ್ಲಿ ಹುಡುಕುತ್ತದೆ. ನೀವು ಬೇರೇನೂ ಹೇಳದಿದ್ದರೆ ಕ್ಲಾಸ್‌ಪಾತ್ ಅಂದರೆ ಈಗ ನೀವು ಇರುವ ಫೋಲ್ಡರ್. ಸಿಕ್ಕ ಫೈಲನ್ನು ಕ್ಲಾಸ್ ಲೋಡರ್ ಒಳಗೆ ತರುತ್ತದೆ. ಬೈಟ್‌ಕೋಡ್ ನಿಯಮದ ಪ್ರಕಾರ ಇದೆಯಾ ಅಂತ ವೆರಿಫೈಯರ್ ಪರೀಕ್ಷೆ ಮಾಡುತ್ತದೆ. ಕ್ಲಾಸಿನ ಸ್ಟ್ಯಾಟಿಕ್ ಭಾಗಗಳು ಓಡುತ್ತವೆ. ಕೊನೆಗೆ ಮೇನ್ ಕರೆಯಲ್ಪಡುತ್ತದೆ.

ಇದನ್ನು ಕಣ್ಣಿಂದ ನೋಡಬೇಕು ಅಂದರೆ ಹೀಗೆ ಕೊಡಿ:

ಜಾವಾ -ವರ್ಬೋಸ್:ಕ್ಲಾಸ್ ಫಸ್ಟ್

ಸ್ಕ್ರೀನ್ ತುಂಬಾ ಸಾಲುಗಳು ಸುರಿಯುತ್ತವೆ. ಒಂದೊಂದು ಸಾಲೂ ಒಳಗೆ ಬಂದ ಒಂದೊಂದು ಕ್ಲಾಸ್. ನೀವು ಬರೆದದ್ದು ಒಂದೇ ಕ್ಲಾಸ್, ಬಂದದ್ದು ನೂರಾರು. ಮೊದಲ ಸಾಲುಗಳಲ್ಲೇ ಆಬ್ಜೆಕ್ಟ್, ಸ್ಟ್ರಿಂಗ್ ಕಾಣುತ್ತವೆ, ಬಹಳ ಕೆಳಗೆ ಹೋದ ಮೇಲೆ ನಿಮ್ಮ ಫಸ್ಟ್ ಕಾಣುತ್ತದೆ, ಅದರ ಹತ್ತಿರದಲ್ಲೇ ಎಲ್ಲೋ "ಹಲೋ". ನನಗೆ ಜಾವಾ ಬಗ್ಗೆ ನಿಜವಾಗಿ ಕುತೂಹಲ ಹುಟ್ಟಿದ್ದು ಈ ಒಂದು ಕಮಾಂಡ್ ನೋಡಿದ ದಿನ.

ಇನ್ನೊಂದು ಪ್ರಯೋಗ. ಮೇನ್‌ನ ಮೇಲೆ, ಕ್ಲಾಸಿನ ಒಳಗೆ ಇದನ್ನು ಸೇರಿಸಿ:

ಸ್ಟ್ಯಾಟಿಕ್ {
    ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್("ನಾನು ಮೊದಲು");
}

ಕನ್ನಡದಲ್ಲಿ ಬೇಡ, ಸದ್ಯಕ್ಕೆ ಯಾವುದಾದರೂ ಇಂಗ್ಲಿಷ್ ಪದವನ್ನೇ ಹಾಕಿ, ಕಾರಣ ಮುಂದೆ ಹೇಳುತ್ತೇನೆ. ಕಂಪೈಲ್ ಮಾಡಿ ಓಡಿಸಿದರೆ ಈ ಸಾಲು "ಹಲೋ"ಗಿಂತ ಮೊದಲು ಬರುತ್ತದೆ. ಈ ಬ್ಲಾಕನ್ನು ಮೇನ್‌ನ ಕೆಳಗೆ ಇಟ್ಟರೂ ಅಷ್ಟೇ, ಮೊದಲೇ ಬರುತ್ತದೆ. "ಪ್ರೋಗ್ರಾಮ್ ಮೇನ್‌ನಿಂದ ಶುರು" ಅಂತ ಎಲ್ಲರೂ ಹೇಳಿಕೊಡುತ್ತಾರಲ್ಲ, ಅದು ಹೆಚ್ಚು ಕಮ್ಮಿ ಸರಿ. ಪೂರ್ತಿ ಸರಿ ಯಾವುದು ಅಂದರೆ, ಮೇನ್ ಇರುವ ಕ್ಲಾಸ್ ಸಿದ್ಧವಾದ ಮೇಲೆ ಮೇನ್ ಶುರು.

ಮೇನ್ ಸಾಲಿನ ಒಂದೊಂದು ಪದ

ಈ ಸಾಲನ್ನು ಬಾಯಿಪಾಠ ಮಾಡಿ ಮುಂದೆ ಹೋಗಿ ಅನ್ನುತ್ತಾರೆ. ನನಗೆ ಅದು ಇಷ್ಟ ಇಲ್ಲ. ಇಲ್ಲಿರುವ ಒಂದು ಪದವೂ ಸುಮ್ಮನೆ ಬಂದಿಲ್ಲ.

ಮೇನ್ ಅನ್ನುವುದು ಬರೀ ಹೆಸರು, ಕೀವರ್ಡ್ ಅಲ್ಲ. ಓಡಿಸುವವನು ಈ ಹೆಸರನ್ನೇ ಹುಡುಕುತ್ತಾನೆ ಅನ್ನುವುದಷ್ಟೇ ಅದರ ವಿಶೇಷ. ಪಬ್ಲಿಕ್ ಯಾಕೆ ಅಂದರೆ, ಕರೆಯುವವನು ನಿಮ್ಮ ಕ್ಲಾಸಿನ ಹೊರಗಿನವನು, ಅವನಿಗೆ ಬಾಗಿಲು ತೆರೆದಿರಬೇಕು. ವಾಯ್ಡ್ ಅಂದರೆ ಮೇನ್ ಏನನ್ನೂ ವಾಪಸ್ ಕೊಡುವುದಿಲ್ಲ.

ಸ್ಟ್ಯಾಟಿಕ್ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಸಾಮಾನ್ಯವಾಗಿ ಒಂದು ಮೆಥಡ್, ಅಂದರೆ ಕ್ಲಾಸಿನೊಳಗೆ ಹೆಸರಿಟ್ಟ ಒಂದು ಕೆಲಸ, ಕರೆಯಬೇಕಾದರೆ ಮೊದಲು ಆ ಕ್ಲಾಸಿನ ಆಬ್ಜೆಕ್ಟ್, ಅಂದರೆ ಆ ಕ್ಲಾಸನ್ನೇ ನಕ್ಷೆ ಮಾಡಿಕೊಂಡು ಕಟ್ಟಿದ ವಸ್ತು, ಒಂದನ್ನು ನ್ಯೂ ಅಂತ ಹಾಕಿ ಮಾಡಿಕೊಳ್ಳಬೇಕು. ಆದರೆ ಪ್ರೋಗ್ರಾಮ್ ಇನ್ನೂ ಶುರುವೇ ಆಗಿಲ್ಲದಾಗ ಆ ಆಬ್ಜೆಕ್ಟ್ ಮಾಡುವವರು ಯಾರು? ನಿಮ್ಮ ಕೋಡಿನ ಒಂದು ಸಾಲೂ ಓಡಿಲ್ಲ. ಅದಕ್ಕೇ ಮೇನ್ ಸ್ಟ್ಯಾಟಿಕ್, ಅಂದರೆ ಆಬ್ಜೆಕ್ಟ್ ಇಲ್ಲದೆಯೇ ಕ್ಲಾಸಿನ ಹೆಸರಲ್ಲೇ ಕರೆಯಬಹುದಾದದ್ದು. ಮುಂದೆ ಯಾವತ್ತಾದರೂ ಮೇನ್ ಒಳಗಿಂದ ಇನ್ನೊಂದು ಮೆಥಡ್ ಕರೆದು "ನಾನ್-ಸ್ಟ್ಯಾಟಿಕ್ ಮೆಥಡ್" ಅಂತ ಶುರುವಾಗುವ ಎರರ್ ಬಂದರೆ ಇದೇ ವಿಷಯ ನೆನಪು ಮಾಡಿಕೊಳ್ಳಿ. ಮೇನ್‌ನ ಕೈಯಲ್ಲಿ ಆಬ್ಜೆಕ್ಟ್ ಇಲ್ಲ, ನೀವು ಕರೆದ ಮೆಥಡ್ಡಿಗೆ ಆಬ್ಜೆಕ್ಟ್ ಬೇಕು.

ಬ್ರಾಕೆಟ್ ಒಳಗಿನ ಸ್ಟ್ರಿಂಗ್[] ಆರ್ಗ್ಸ್ ಅಂದರೆ, ಓಡಿಸುವಾಗ ಕ್ಲಾಸ್ ಹೆಸರು ಆದ ಮೇಲೆ ನೀವು ಬರೆಯುವ ಪದಗಳ ಸಾಲು. ಪ್ರಿಂಟ್ ಸಾಲನ್ನು ಹೀಗೆ ಬದಲಾಯಿಸಿ:

ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್("ಹಲೋ " + ಆರ್ಗ್ಸ್[0]);

ಕಂಪೈಲ್ ಮಾಡಿ, ಆಮೇಲೆ ಜಾವಾ ಫಸ್ಟ್ ಅಂತ ಬರೆದು ಅದರ ನಂತರ ನಿಮ್ಮ ಹೆಸರು ಬರೆದು ಎಂಟರ್ ಒತ್ತಿ. ಹಲೋ ಜೊತೆ ಹೆಸರು ಬರುತ್ತದೆ. ಹೆಸರಲ್ಲಿ ಎರಡು ಪದ ಇದ್ದರೆ ಡಬಲ್ ಕೋಟ್ ಹಾಕಿ, ಇಲ್ಲದಿದ್ದರೆ ಎರಡನೆಯ ಪದ ಆರ್ಗ್ಸ್[1] ಆಗಿಬಿಡುತ್ತದೆ. ಈಗ ಹೆಸರೇ ಕೊಡದೆ ಓಡಿಸಿ. "ಅರೇ ಇಂಡೆಕ್ಸ್ ಔಟ್ ಆಫ್ ಬೌಂಡ್ಸ್" ಅನ್ನುವ ಎಕ್ಸೆಪ್ಷನ್, ಅಂದರೆ ಓಡುವಾಗ ಬರುವ ಎರರ್, ಬರುತ್ತದೆ. ಜಾವಾಸಿ ಇದನ್ನು ಹಿಡಿಯಲಿಲ್ಲ, ಗಮನಿಸಿದಿರಾ? ನೀವು ಓಡಿಸುವಾಗ ಏನು ಬರೆಯುತ್ತೀರಿ ಅಂತ ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಆರ್ಗ್ಸ್ ಅನ್ನುವ ಹೆಸರನ್ನು ನೀವು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಸಿ ಭಾಷೆ ಗೊತ್ತಿದ್ದವರಿಗೆ ಒಂದು ಮಾತು, ಇಲ್ಲಿ ಸೊನ್ನೆಯ ಜಾಗದಲ್ಲಿ ಪ್ರೋಗ್ರಾಮಿನ ಹೆಸರು ಬರುವುದಿಲ್ಲ, ನೇರವಾಗಿ ಮೊದಲ ಪದವೇ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಹೊಸ ಸುದ್ದಿಯನ್ನೂ ಹೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಈ ನಿಯಮ ತುಂಬಾ ಸಡಿಲವಾಗಿದೆ. ಫೈಲಿನಲ್ಲಿ ಇಷ್ಟೇ ಇದ್ದರೂ ಓಡುತ್ತದೆ:

ವಾಯ್ಡ್ ಮೇನ್() {
    ಐಓ.ಪ್ರಿಂಟ್‌ಎಲ್‌ಎನ್("ಹಲೋ");
}

ಕ್ಲಾಸ್ ಇಲ್ಲ, ಪಬ್ಲಿಕ್ ಇಲ್ಲ, ಸ್ಟ್ಯಾಟಿಕ್ ಇಲ್ಲ, ಆರ್ಗ್ಸ್ ಕೂಡ ಇಲ್ಲ. ಕ್ಲಾಸನ್ನು ಕಂಪೈಲರೇ ಸುತ್ತ ಹಾಕಿಕೊಳ್ಳುತ್ತದೆ, ಆಬ್ಜೆಕ್ಟನ್ನು ಓಡಿಸುವವನೇ ಮಾಡಿಕೊಂಡು ಅದರ ಮೇಲೆ ಮೇನ್ ಕರೆಯುತ್ತಾನೆ. ಹೊಸಬರಿಗೆ ಇದು ದೊಡ್ಡ ಉಪಕಾರ. ಆದರೂ ಹಳೆಯ ಸಾಲನ್ನು ಅರ್ಥ ಮಾಡಿಕೊಳ್ಳಿ, ಯಾಕೆಂದರೆ ನೀವು ಓದುವ ಕೋಡಿನಲ್ಲಿ ಜಾಸ್ತಿ ಇರುವುದು ಅದೇ, ಮತ್ತು ನಿಮಗೆ ಕೊಟ್ಟ ಕಂಪ್ಯೂಟರಿನಲ್ಲಿ ಹಳೆಯ ಜಾವಾ ಇರಬಹುದು.

ಆ ಪ್ರಿಂಟ್ ಸಾಲು

ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್. ಎರಡು ಚುಕ್ಕೆ, ಮೂರು ತುಂಡು. ಜಾವಾ ಓದುವುದಕ್ಕೆ ಒಂದು ಸುಲಭದ ರೂಢಿ ಇದೆ: ಕ್ಯಾಪಿಟಲ್‌ನಿಂದ ಶುರುವಾದರೆ ಕ್ಲಾಸ್, ಸಣ್ಣಕ್ಷರದಿಂದ ಶುರುವಾಗಿ ಮುಂದೆ ಬ್ರಾಕೆಟ್ ಇದ್ದರೆ ಮೆಥಡ್, ಬ್ರಾಕೆಟ್ ಇಲ್ಲದಿದ್ದರೆ ಸಾಮಾನ್ಯವಾಗಿ ವೇರಿಯಬಲ್. ಹಾಗಾಗಿ ಸಿಸ್ಟಮ್ ಒಂದು ಕ್ಲಾಸ್. ಔಟ್ ಅದರೊಳಗಿನ ಸ್ಟ್ಯಾಟಿಕ್ ವೇರಿಯಬಲ್, ಅದು ಹಿಡಿದುಕೊಂಡಿರುವುದು ಪ್ರಿಂಟ್‌ಸ್ಟ್ರೀಮ್ ಅನ್ನುವ ಕ್ಲಾಸಿನ ಒಂದು ಆಬ್ಜೆಕ್ಟನ್ನು. ಆ ಆಬ್ಜೆಕ್ಟಿನ ಮೆಥಡ್ ಪ್ರಿಂಟ್‌ಎಲ್‌ಎನ್. ನೀವು ಇಂಪೋರ್ಟ್ ಅಂತ ಏನೂ ಬರೆಯದೆ ಸಿಸ್ಟಮ್ ಸಿಕ್ಕಿತಲ್ಲ, ಅದಕ್ಕೆ ಕಾರಣ ಸಿಸ್ಟಮ್ ಮತ್ತು ಸ್ಟ್ರಿಂಗ್ ಎರಡೂ ಇರುವ ಜಾವಾ.ಲ್ಯಾಂಗ್ ಪ್ಯಾಕೇಜ್ ತಾನಾಗಿಯೇ ಸೇರಿಕೊಳ್ಳುತ್ತದೆ.

ಔಟ್ ಹಿಡಿದುಕೊಂಡಿರುವ ಆಬ್ಜೆಕ್ಟನ್ನು ನೀವು ಮಾಡಲಿಲ್ಲ. ಜೆವಿಎಂ ಏಳುವಾಗಲೇ ಅದನ್ನು ಮಾಡಿ, ಆಪರೇಟಿಂಗ್ ಸಿಸ್ಟಮ್ ಕೊಡುವ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಜೋಡಿಸಿಟ್ಟಿರುತ್ತದೆ. ಪ್ರೋಗ್ರಾಮಿಗೆ ಸ್ಕ್ರೀನ್ ಅಂತ ಒಂದಿದೆ ಅನ್ನುವುದೇ ಗೊತ್ತಿಲ್ಲ. ಅದು ಬೈಟುಗಳನ್ನು ಒಂದು ಕೊಳವೆಗೆ ಸುರಿಯುತ್ತದೆ, ಕೊಳವೆಯ ಆ ತುದಿಯಲ್ಲಿ ಟರ್ಮಿನಲ್ ಇದೆ, ಅಕ್ಷರ ಬಿಡಿಸುವುದು ಟರ್ಮಿನಲ್‌ನ ಕೆಲಸ. ಪರೀಕ್ಷೆ ಮಾಡಿ ನೋಡಿ. ಓಡಿಸುವ ಕಮಾಂಡಿನ ಕೊನೆಗೆ ಬಲಕ್ಕೆ ತಿರುಗಿದ ಬಾಣದ ಗುರುತು > ಹಾಕಿ ಒಂದು ಫೈಲಿನ ಹೆಸರು ಕೊಡಿ. ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ, "ಹಲೋ" ಫೈಲಿನೊಳಗೆ ಹೋಗಿ ಕೂತಿರುತ್ತದೆ. ಪ್ರೋಗ್ರಾಮಿನ ಒಂದಕ್ಷರ ಬದಲಾಗಿಲ್ಲ, ಕೊಳವೆಯ ಆ ತುದಿ ಮಾತ್ರ ಬದಲಾಗಿದೆ. ಸಿಸ್ಟಮ್.ಎರ್ ಅಂತ ಇನ್ನೊಂದು ಕೊಳವೆಯೂ ಇದೆ, ಎರರ್‌ಗಳಿಗೆ. ಅದಕ್ಕೆ ಬರೆದದ್ದು ಈ ಬಾಣಕ್ಕೆ ಸಿಗದೆ ಸ್ಕ್ರೀನ್ ಮೇಲೇ ಬರುತ್ತದೆ.

ಈಗ ಒಂದು ಚಂದದ್ದು ತೋರಿಸುತ್ತೇನೆ. ಮೇನ್ ಒಳಗೆ "ಹಲೋ" ಸಾಲೊಂದನ್ನೇ ಉಳಿಸಿ, ಸ್ಟ್ಯಾಟಿಕ್ ಬ್ಲಾಕ್ ತೆಗೆದು ಕಂಪೈಲ್ ಮಾಡಿ. ಆಮೇಲೆ:

ಜಾವಾಪಿ -ಸಿ ಫಸ್ಟ್

ಜೆಡಿಕೆ ಜೊತೆಗೇ ಬರುವ ಈ ಸಾಧನ ಕ್ಲಾಸ್ ಫೈಲಿನ ಒಳಗನ್ನು ಬಿಚ್ಚಿ ತೋರಿಸುತ್ತದೆ. ಮೇನ್ ಕೆಳಗೆ ನಾಲ್ಕೇ ಆದೇಶ ಇರುತ್ತವೆ. 0 ಅಂತ ನಂಬರ್ ಇರುವಲ್ಲಿ ಗೆಟ್‌ಸ್ಟ್ಯಾಟಿಕ್: ಸಿಸ್ಟಮ್‌ನ ಔಟ್ ತಂದು ಎದುರಿಗೆ ಇಡು. 3ರಲ್ಲಿ ಎಲ್‌ಡಿಸಿ: "ಹಲೋ" ಅನ್ನುವ ಸ್ಟ್ರಿಂಗ್ ತಂದು ಅದರ ಮೇಲೆ ಇಡು. 5ರಲ್ಲಿ ಇನ್ವೋಕ್‌ವರ್ಚುಯಲ್: ಪ್ರಿಂಟ್‌ಎಲ್‌ಎನ್ ಕರೆ. 8ರಲ್ಲಿ ರಿಟರ್ನ್: ಮುಗಿಯಿತು. ಆ ನಂಬರುಗಳು ಬೈಟುಗಳ ಲೆಕ್ಕ, ಅಂದರೆ ನಿಮ್ಮ ಇಡೀ ಮೇನ್ ಒಟ್ಟು 9 ಬೈಟಿನ ಕೋಡ್. ರಿಟರ್ನ್ ನೀವು ಬರೆದಿರಲಿಲ್ಲ, ಜಾವಾಸಿ ಹಾಕಿದ್ದು. ಮೇಲೆ ಕಾಣುವ ಕನ್‌ಸ್ಟ್ರಕ್ಟರ್ ಕೂಡ ಅವನೇ ಸೇರಿಸಿದ್ದು. ಬರೆದ ಒಂದು ಸಾಲಿಗೂ ಈ ನಾಲ್ಕು ಆದೇಶಗಳಿಗೂ ಇರುವ ಜೋಡಿಯನ್ನು ಒಂದು ಸಲ ಬೆರಳಿಟ್ಟು ನೋಡಿದರೆ ಸಾಕು, ಕಂಪೈಲ್ ಅನ್ನುವ ಪದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪ್ರಿಂಟ್‌ಎಲ್‌ಎನ್ ಬರೆದು ಸಾಲು ಮುರಿಯುತ್ತದೆ. ಬರೀ ಪ್ರಿಂಟ್ ಸಾಲು ಮುರಿಯುವುದಿಲ್ಲ, ಮುಂದಿನದು ಅದಕ್ಕೇ ಅಂಟಿಕೊಂಡು ಬರುತ್ತದೆ. ಪ್ರಿಂಟ್‌ಎಫ್ ಅಳತೆಗೆ ತಕ್ಕ ಹಾಗೆ ಬರೆಯುವುದಕ್ಕೆ, ದಶಾಂಶದ ಎರಡೇ ಸ್ಥಾನ ಬೇಕು ಅನ್ನುವಾಗ ಅದು ಬೇಕು.

ಎಲ್ಲರೂ ಬೀಳುವ ಎರಡು ಗುಂಡಿ ಇವೆ. ಮೊದಲನೆಯದು:

ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್("ಮೊತ್ತ " + 2 + 3);

ಬರುವುದು 5 ಅಲ್ಲ, 23. ಲೆಕ್ಕ ಎಡದಿಂದ ಬಲಕ್ಕೆ ಹೋಗುತ್ತದೆ. ಮೊದಲು ಸ್ಟ್ರಿಂಗ್ ಜೊತೆ 2 ಸೇರಿ ಸ್ಟ್ರಿಂಗ್ ಆಯಿತು, ಆಮೇಲೆ 3 ಬಂದು ಅದರ ಬಾಲಕ್ಕೆ ಅಂಟಿತು. (2 + 3) ಅಂತ ಬ್ರಾಕೆಟ್ ಹಾಕಿದರೆ 5 ಬರುತ್ತದೆ. ಎರಡನೆಯದು ಸಿಂಗಲ್ ಕೋಟ್. ಸಿಂಗಲ್ ಕೋಟಿನಲ್ಲಿ ಇಂಗ್ಲಿಷಿನ ಸಣ್ಣ ಎ, ಪ್ಲಸ್, ಸಿಂಗಲ್ ಕೋಟಿನಲ್ಲಿ ಸಣ್ಣ ಬಿ ಹಾಕಿ ಪ್ರಿಂಟ್ ಮಾಡಿದರೆ 195 ಬರುತ್ತದೆ. ಸಿಂಗಲ್ ಕೋಟ್ ಅಂದರೆ ಒಂದೇ ಅಕ್ಷರ, ಮತ್ತು ಅಕ್ಷರ ಅಂದರೆ ಒಳಗೆ ಒಂದು ಸಂಖ್ಯೆ. ಎ 97, ಬಿ 98, ಕೂಡಿದರೆ 195.

ಕನ್ನಡ ಪ್ರಿಂಟ್ ಮಾಡುವುದು

ಡಬಲ್ ಕೋಟ್ ಒಳಗೆ ಕನ್ನಡ ಬರೆಯುವುದಕ್ಕೆ ಜಾವಾದಲ್ಲಿ ಯಾವ ಅಡ್ಡಿಯೂ ಇಲ್ಲ. ವೇರಿಯಬಲ್ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ತೊಂದರೆ ಬರುವುದು ಕೊಳವೆಯ ಎರಡು ತುದಿಗಳಲ್ಲಿ, ಅದೂ ವಿಂಡೋಸಿನಲ್ಲಿ ಜಾಸ್ತಿ. ಪ್ರಶ್ನೆ ಚಿಹ್ನೆಗಳು ಬಂದರೆ ಎನ್‌ಕೋಡಿಂಗ್, ಅಂದರೆ ಅಕ್ಷರವನ್ನು ಬೈಟುಗಳಾಗಿ ಬರೆಯುವ ಪದ್ಧತಿ, ತಪ್ಪಿದೆ, ಅಕ್ಷರ ದಾರಿಯಲ್ಲೇ ಕಳೆದುಹೋಗಿದೆ. ಖಾಲಿ ಚೌಕಗಳು ಬಂದರೆ ಅಕ್ಷರ ಸರಿಯಾಗಿ ತಲುಪಿದೆ, ಟರ್ಮಿನಲ್‌ನ ಫಾಂಟಿನಲ್ಲಿ ಕನ್ನಡ ಇಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಪ್ರಶ್ನೆ ಚಿಹ್ನೆ ಬಂದರೆ, ಫೈಲನ್ನು ಯುಟಿಎಫ್-8 ಅನ್ನುವ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಡಿಫಾಲ್ಟ್, ಅದಕ್ಕಿಂತ ಹಳೆಯದಾದರೆ ಕಂಪೈಲ್ ಮಾಡುವಾಗ -ಎನ್‌ಕೋಡಿಂಗ್ ಯುಟಿಎಫ್-8 ಅಂತ ಸೇರಿಸಿ. ವಿಂಡೋಸಿನ ಟರ್ಮಿನಲ್‌ನಲ್ಲಿ ಮೊದಲು ಸಿಎಚ್‌ಸಿಪಿ 65001 ಅಂತ ಕೊಡಿ. ಹೊಸ ಜಾವಾದಲ್ಲಿ ಓಡಿಸುವಾಗ -ಡಿ ಹಾಕಿ ಅದಕ್ಕೆ ಅಂಟಿಸಿ ಎಸ್‌ಟಿಡಿಔಟ್.ಎನ್‌ಕೋಡಿಂಗ್=ಯುಟಿಎಫ್-8 ಅಂತ ಸೇರಿಸಿದರೆ ಔಟ್ ಬಳಸುವ ಎನ್‌ಕೋಡಿಂಗ್ ಬದಲಾಗುತ್ತದೆ.

ಬಂದ ಮೇಲೆ "ನಮಸ್ಕಾರ" ಅನ್ನುವ ಸ್ಟ್ರಿಂಗಿನ ಲೆಂತ್ ಪ್ರಿಂಟ್ ಮಾಡಿ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಜಾವಾ ಹೇಳುವುದು 7. ನ, ಮ, ಸ, ಅರ್ಧ ಮಾಡುವ ಗುರುತು, ಕ, ದೀರ್ಘದ ಗುರುತು, ರ. ಒತ್ತಕ್ಷರ ಒಳಗೆ ಹೀಗೆ ಬಿಡಿಬಿಡಿಯಾಗಿ ಕೂತಿರುತ್ತದೆ.

ಎರರ್ ಬಂದಾಗ: ಹೇಳ್ತಿರೋದು ಯಾರು?

ಫೈಲ್ ಹೆಸರು, ಕೋಲನ್, ಸಾಲಿನ ನಂಬರ್, ಆಮೇಲೆ ಎರರ್ ಅಂತ ಇದ್ದು, ಕೆಳಗೆ ನಿಮ್ಮ ಸಾಲನ್ನೇ ಬರೆದು ಒಂದು ಟೋಪಿ ಗುರುತು ^ ತೋರಿಸಿದರೆ ಅದು ಜಾವಾಸಿ. ಕ್ಲಾಸ್ ಫೈಲ್ ಹುಟ್ಟಿಲ್ಲ, ಓಡಿಸುವ ಮಾತೇ ಇಲ್ಲ. ಇಪ್ಪತ್ತು ಎರರ್ ಬಂದರೂ ಹೆದರಬೇಡಿ. ಮೊದಲನೆಯದನ್ನು ಮಾತ್ರ ಸರಿ ಮಾಡಿ ಮತ್ತೆ ಕಂಪೈಲ್ ಮಾಡಿ, ಉಳಿದವು ಅದರ ಮರಿಗಳಾಗಿರುವುದೇ ಜಾಸ್ತಿ. "ಪ್ಯಾಕೇಜ್ ಸಿಸ್ಟಮ್ ಡಸ್ ನಾಟ್ ಎಕ್ಸಿಸ್ಟ್" ಅಂದರೆ ಸಿಸ್ಟಮ್ ಅನ್ನು ಸಣ್ಣ ಎಸ್‌ನಲ್ಲಿ ಬರೆದಿದ್ದೀರಿ. "ರೀಚ್ಡ್ ಎಂಡ್ ಆಫ್ ಫೈಲ್" ಅಂದರೆ ಎಲ್ಲೋ ಮುಚ್ಚುವ ಬ್ರೇಸ್ ಬಿಟ್ಟಿದೆ. "ಇಲ್ಲೀಗಲ್ ಕ್ಯಾರೆಕ್ಟರ್" ಅಂದರೆ ಎಲ್ಲಿಂದಲೋ ಕಾಪಿ ಮಾಡಿದ್ದೀರಿ, ನೇರ ಕೋಟ್ ಬದಲು ಬಾಗಿದ ಕೋಟ್ ಬಂದಿದೆ. ಕೋಟ್‌ಗಳನ್ನು ಅಳಿಸಿ ಕೈಯಿಂದ ಟೈಪ್ ಮಾಡಿ.

"ಎರರ್:" ಅಂತ ನೇರವಾಗಿ ಶುರುವಾಗಿ ಕ್ಲಾಸ್ ಸಿಗಲಿಲ್ಲ, ಮೇನ್ ಸಿಗಲಿಲ್ಲ ಅಂದರೆ ಅದು ಓಡಿಸುವವನು, ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ. ಕ್ಲಾಸ್ ಸಿಗಲಿಲ್ಲ ಅಂದರೆ ಬೇರೆ ಫೋಲ್ಡರಿನಲ್ಲಿದ್ದೀರಿ, ಇಲ್ಲವೇ ಹೆಸರು ತಪ್ಪಿದೆ. ಯಾವುದೋ ಸಾಫ್ಟ್‌ವೇರ್ ಹಾಕಿದಾಗ ಅದು ಕ್ಲಾಸ್‌ಪಾತ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಬರೆದಿಟ್ಟಿದ್ದರೂ ಹೀಗಾಗುತ್ತದೆ, ಆಗ ಈಗಿನ ಫೋಲ್ಡರನ್ನು ನೋಡುವುದನ್ನೇ ಜಾವಾ ಬಿಟ್ಟುಬಿಡುತ್ತದೆ. ಜಾವಾ -ಸಿಪಿ . ಫಸ್ಟ್ ಅಂತ, ಚುಕ್ಕೆ ಸೇರಿಸಿ, ಕೊಟ್ಟು ನೋಡಿ. "ರಾಂಗ್ ನೇಮ್" ಅಂತ ಇದ್ದರೆ ಕ್ಯಾಪಿಟಲ್ ಸಣ್ಣಕ್ಷರ ಅದಲು ಬದಲಾಗಿದೆ, ಅಥವಾ ಫೈಲಿನ ಮೇಲೆ ಪ್ಯಾಕೇಜ್ ಸಾಲು ಇದ್ದರೂ ಬರೀ ಕ್ಲಾಸ್ ಹೆಸರು ಕೊಟ್ಟಿದ್ದೀರಿ. ಮೇನ್ ಸಿಗಲಿಲ್ಲ ಅಂದರೆ ಮೇನ್ ಅನ್ನುವ ಹೆಸರನ್ನು ಅಕ್ಷರ ಬಿಡಿಸಿ ಓದಿ, ಮತ್ತು ಜಾವಾ 25ಕ್ಕಿಂತ ಹಳೆಯದಾದರೆ ಪಬ್ಲಿಕ್, ಸ್ಟ್ಯಾಟಿಕ್ ಎರಡೂ ಇವೆಯಾ ನೋಡಿ. ಇವು ಜಾವಾಸಿಗೆ ತಪ್ಪೇ ಅಲ್ಲ, ಅವನು ಸುಮ್ಮನೆ ಕಂಪೈಲ್ ಮಾಡಿ ಕೊಟ್ಟಿರುತ್ತಾನೆ. ಮೇನ್ ಇಲ್ಲದ ಕ್ಲಾಸುಗಳೂ ಬೇಕಾದಷ್ಟು ಇರುತ್ತವಲ್ಲ.

"ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್" ಬಂದರೆ ಹೊಸ ಜಾವಾಸಿ ಮಾಡಿದ್ದನ್ನು ಹಳೆಯ ಜಾವಾ ಓದಲು ಹೋಗಿದ್ದಾನೆ. ಅದರಲ್ಲಿರುವ ನಂಬರಿನಿಂದ 44 ಕಳೆದರೆ ವರ್ಷನ್ ಸಿಗುತ್ತದೆ: 52 ಅಂದರೆ ಜಾವಾ 8, 61 ಅಂದರೆ 17, 65 ಅಂದರೆ 21.

"ಎಕ್ಸೆಪ್ಷನ್ ಇನ್ ಥ್ರೆಡ್ ಮೇನ್" ಅಂತ ಶುರುವಾದರೆ ನಿಮ್ಮ ಪ್ರೋಗ್ರಾಮ್ ಓಡುತ್ತಾ ಇದ್ದದ್ದು ಮಧ್ಯದಲ್ಲಿ ಬಿದ್ದಿದೆ. ಮೊದಲ ಸಾಲಿನಲ್ಲಿ ಏನಾಯಿತು ಅಂತ ಇರುತ್ತದೆ. ಕೆಳಗೆ ಆಟ್ ಅಂತ ಶುರುವಾಗುವ ಸಾಲುಗಳಲ್ಲಿ ನಿಮ್ಮ ಫೈಲಿನ ಹೆಸರು ಮೊದಲು ಕಾಣುವ ಸಾಲು ಹುಡುಕಿ, ಅದರ ಕೋಲನ್ ಮುಂದಿನ ನಂಬರಿನ ಸಾಲಿಗೆ ಹೋಗಿ.

ಒಂದು ಅಡ್ಡದಾರಿಯೂ ಇದೆ. ಜಾವಾ 11ರಿಂದ ಜಾವಾ ಫಸ್ಟ್.ಜಾವಾ ಅಂತ ನೇರ ಕೊಡಬಹುದು. ಕಂಪೈಲ್ ಮೆಮೊರಿಯಲ್ಲೇ ನಡೆಯುತ್ತದೆ, ಕ್ಲಾಸ್ ಫೈಲ್ ಹುಟ್ಟುವುದಿಲ್ಲ. ನಾನು ಕಳೆದುಕೊಂಡ ಒಂದೂವರೆ ಗಂಟೆ ಇದರಲ್ಲಿ ಯಾರಿಗೂ ಹೋಗುವುದಿಲ್ಲ. ಇಬ್ಬರ ಪರಿಚಯ ಆದ ಮೇಲೆ ಸಣ್ಣ ಪ್ರಯೋಗಗಳಿಗೆ ಧಾರಾಳವಾಗಿ ಬಳಸಿ.

ಮುಗಿಯುವುದು

ಮೇನ್‌ನ ಕೊನೆಯ ಬ್ರೇಸ್ ದಾಟಿದ ತಕ್ಷಣ ಮೇನ್ ಥ್ರೆಡ್, ಅಂದರೆ ಮೇನ್ ಅನ್ನು ಓಡಿಸುತ್ತಿದ್ದ ಕೆಲಸದ ಎಳೆ, ಮುಗಿಯುತ್ತದೆ. ನೀವು ಬೇರೆ ಥ್ರೆಡ್ ಏನೂ ಶುರು ಮಾಡಿಲ್ಲದಿದ್ದರೆ ಜೆವಿಎಂ ಕೂಡ ಅಲ್ಲಿಗೆ ಮುಚ್ಚಿಕೊಂಡು, ಹೋಗುವಾಗ ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಸಂಖ್ಯೆ ಕೊಟ್ಟು ಹೋಗುತ್ತದೆ. ಸರಿಯಾಗಿ ಮುಗಿದರೆ 0, ಯಾರೂ ಹಿಡಿಯದ ಎಕ್ಸೆಪ್ಷನ್‌ನಿಂದ ಮೇನ್ ಬಿದ್ದರೆ 1. ಆರ್ಗ್ಸ್ ಪ್ರಯೋಗದ ಸಾಲನ್ನು ವಾಪಸ್ ಹಾಕಿ ಕಂಪೈಲ್ ಮಾಡಿ, ಹೆಸರು ಕೊಟ್ಟು ಒಂದು ಸಲ, ಕೊಡದೆ ಒಂದು ಸಲ ಓಡಿಸಿ. ಪ್ರತಿ ಸಲ ಓಡಿದ ಕೂಡಲೇ ಲಿನಕ್ಸ್ ಅಥವಾ ಮ್ಯಾಕ್ ಆದರೆ ಎಕೋ $?, ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಆದರೆ ಎಕೋ %ಎರರ್‌ಲೆವೆಲ್% ಅಂತ ಕೊಡಿ. ಮೊದಲ ಸಲ 0 ಕಾಣುತ್ತದೆ, ಎರಡನೆಯ ಸಲ 1.